ಗಾಡಿಯಿದ್ದಷ್ಟು ಹಾಸಿಗೆ

“ಹಾಸಿಗೆಯಿದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ಮೂವತ್ತೈದು ವರ್ಷಗಳ ಕಾಲ ಹುಡುಗರಿಂದ ವಿಸ್ತರಿಸಿ ಬರೆಯಿಸಿದವನು ನಾನು. ಹತ್ತು ಅಂಕದ ಪ್ರಶ್ನೆ. ಮಿತವ್ಯಯದ ಮೇಲೆ ನಾಲ್ಕು ವಾಕ್ಯ, ಸಾಲದ ಮೇಲೆ ನಾಲ್ಕು ವಾಕ್ಯ, ತೃಪ್ತಿಯ ಮೇಲೆ ಎರಡು ವಾಕ್ಯ ಬರೆದರೆ ಏಳು ಅಂಕಕ್ಕೆ ಮೋಸವಿರಲಿಲ್ಲ. ಅಷ್ಟು ಹುಡುಗರಲ್ಲಿ ಒಬ್ಬನಾದರೂ ಎದ್ದು ನಿಂತು, “ಮೇಷ್ಟರೆ, ಕಾಲನ್ನು ಚಾಚುವುದು ಹಾಗಿರಲಿ, ಆ ಹಾಸಿಗೆಯನ್ನೇ ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಬೇಕಾದರೆ ಏನು ಮಾಡಬೇಕು?” ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಅವನನ್ನು ಗದರಿಸಿ ಕೂರಿಸುತ್ತಿದ್ದೆನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ತಿಳಿಯದೆ ನಾನು ಪಟ್ಟ ಪಾಡು ನನಗೇ ಗೊತ್ತು. ಆ ಪಾಡನ್ನು ವಾಚಕರ ಮುಂದೆ ಇಡುವುದಕ್ಕೆ ಸಂಕೋಚವಾಗುತ್ತದೆ, ಆದರೂ ಇಡುತ್ತೇನೆ. ಇನ್ನೊಬ್ಬರ ತಪ್ಪನ್ನು ಕೆಂಪು ಶಾಯಿಯಿಂದ ಗುರುತಿಸಿ ಜೀವನ ಕಳೆದವನು ತನ್ನ ತಪ್ಪನ್ನು ಒಮ್ಮೆಯಾದರೂ ಗುರುತಿಸಿಕೊಳ್ಳುವುದು ನ್ಯಾಯವಲ್ಲವೆ?

ಹಾಸಿಗೆ ಮತ್ತು ವಾಹನ ಇವೆರಡಕ್ಕೂ ಇರುವ ಸಂಬಂಧ ಇಂದು ನೆನ್ನೆಯದಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಮಂಚ, ಪರ್ಯಂಕ, ಪಲ್ಯಂಕ, ಖಟ್ವಾ ಇವೆಲ್ಲ ಒಂದೇ ವಸ್ತುವಿನ ಹೆಸರುಗಳೆಂದು ನೆನಪಿರಬಹುದು. ಈ ಪಲ್ಯಂಕವೆಂಬ ಮಾತೇ ಜನರ ಬಾಯಲ್ಲಿ ಸವೆದು ಸವೆದು ಪಲ್ಲಕ್ಕಿಯಾಯಿತು. ಎಂದರೆ ಮಲಗುವ ಮಂಚವನ್ನೇ ನಾಲ್ಕು ಜನ ಹೆಗಲಿಗೇರಿಸಿಕೊಂಡು ಹೊರಟಾಗ ಅದು ವಾಹನವಾಯಿತು. ನಮ್ಮ ಹಿರಿಯರಿಗೆ ಹಾಸಿಗೆಯನ್ನು ವಾಹನದಲ್ಲಿ ಹೇಗೆ ಸಾಗಿಸಬೇಕೆಂಬ ಚಿಂತೆಯೇ ಇರಲಿಲ್ಲ, ಹಾಸಿಗೆಯೇ ವಾಹನವಾಗಿತ್ತು. ಇನ್ನು ಅಲಂಕಾರಶಾಸ್ತ್ರದವರು ಪದಪದಗಳಿಗೆ ಪರಸ್ಪರವಾಗಿರುವ ಸ್ನೇಹವನ್ನು ‘ಶಯ್ಯೆ’ ಎಂದು ಕರೆದರು. ಒಂದು ಪದವನ್ನು ತೆಗೆದು ಇನ್ನೊಂದನ್ನು ಇಟ್ಟರೆ ಮಲಗಿದವನಿಗೆ ಬೆನ್ನು ಒತ್ತಿದಂತೆ ಆಗಬೇಕು. ಹಾಗಿದ್ದರೆ ಅದು ಒಳ್ಳೆಯ ಶಯ್ಯೆ. ಈ ವಿಷಯವನ್ನು ಪಾಠ ಹೇಳುವಾಗ ನನಗೆ ಬಹಳ ಉತ್ಸಾಹ ಬರುತ್ತಿತ್ತು. ಆದರೆ ಶಯ್ಯೆಯ ಲಕ್ಷಣವನ್ನು ಬಲ್ಲವನು ಶಯ್ಯೆಯ ತೂಕವನ್ನೂ ಅಗಲವನ್ನೂ ಬಲ್ಲವನೆಂದು ಹೇಳುವ ಹಾಗಿಲ್ಲ.

ದೇವತೆಗಳ ಪೈಕಿ ಈ ವಿಷಯದಲ್ಲಿ ಅತ್ಯಂತ ಅದೃಷ್ಟಶಾಲಿ ಮಹಾವಿಷ್ಣುವೇ ಸರಿ. ಅವನ ಹಾಸಿಗೆ ಆದಿಶೇಷ. ಬೇಕಾದಾಗ ಸುರುಳಿ ಸುತ್ತಿಕೊಳ್ಳುತ್ತದೆ, ಬೇಕಾದಾಗ ಬಿಚ್ಚಿಕೊಳ್ಳುತ್ತದೆ, ಮೇಲೆ ಕೊಡೆಯನ್ನೂ ಹಿಡಿಯುತ್ತದೆ. ಸ್ವಾಮಿಯು ರಾಮನಾಗಿ ಅವತರಿಸಿದಾಗ ಆ ಹಾಸಿಗೆಯೇ ಲಕ್ಷ್ಮಣನಾಗಿ ಹುಟ್ಟಿ, ಅರಣ್ಯಕ್ಕೆ ಹೊರಟಾಗ ತನ್ನ ಕಾಲಿನಿಂದ ತಾನೇ ಹಿಂದೆ ನಡೆದುಬಂದಿತು. ಸಾಗಾಣಿಕೆಯ ಖರ್ಚು ಒಂದು ಕಾಸೂ ಇಲ್ಲ. ನರರಿಗೆ ಈ ಸೌಕರ್ಯವನ್ನು ಬ್ರಹ್ಮನು ಕೊಡಲಿಲ್ಲ.

ನನ್ನ ಬಾಲ್ಯದಲ್ಲಾದರೋ ಹಾಸಿಗೆ ಇಷ್ಟು ಹಟಮಾರಿಯಾಗಿರಲಿಲ್ಲ. ವರ್ಷಕ್ಕೊಮ್ಮೆ ಹತ್ತಿ ಹಿಂಜುವ ಸಾಹೇಬರು ಹೆಗಲ ಮೇಲೆ ದೊಡ್ಡ ಬಿಲ್ಲನ್ನು ಹೊತ್ತುಕೊಂಡು ಬೀದಿಯಲ್ಲಿ ಬರುತ್ತಿದ್ದರು. ಅದರ ತಂತಿಯನ್ನು ಮಿಡಿದ ಶಬ್ದ ಕೇಳಿದೊಡನೆ ನಾವು ಹುಡುಗರು ಹೊರಕ್ಕೆ ಓಡುತ್ತಿದ್ದೆವು. ವರ್ಷವೆಲ್ಲ ಮಲಗಿ ಗಂಟುಗಂಟಾಗಿ ಹೋಗಿದ್ದ ಹತ್ತಿಯು ಆ ಬಿಲ್ಲಿನ ಝೇಂಕಾರಕ್ಕೆ ಬೆಳ್ಳಗೆ ಮೋಡದಂತೆ ಎದ್ದು ನಿಲ್ಲುತ್ತಿತ್ತು. ಅದನ್ನೇ ಹೊಸ ಗವಸಿನಲ್ಲಿ ತುಂಬಿ, ದೊಡ್ಡ ದಬ್ಬಳದಿಂದ ಅಲ್ಲಲ್ಲಿ ಹೊಲಿಗೆ ಹಾಕಿ, ಸಂಜೆಯ ವೇಳೆಗೆ ಹಾಸಿಗೆಯನ್ನು ಸಿದ್ಧಮಾಡಿ ಕೊಡುತ್ತಿದ್ದರು. ದಿಂಬಿಗೆ ಬೂರುಗದ ಹತ್ತಿ. ಊರಿಗೆ ಹೊರಟರೆ ತಂದೆಯವರು ಆ ಹಾಸಿಗೆಯನ್ನು ಜಮಖಾನದೊಡನೆ ಸುತ್ತಿ, ಮೊಣಕಾಲಿನಿಂದ ಅದುಮಿ, ಹಗ್ಗದಿಂದ ಬಿಗಿದು ಬಸ್ಸಿನ ಮೇಲಕ್ಕೆ ಎಸೆಯಿಸುತ್ತಿದ್ದರು. ಇಳಿದ ಮೇಲೆ ಅದನ್ನೇ ತಲೆಯ ಮೇಲೆ ಇಟ್ಟುಕೊಂಡು ನಡೆಯುತ್ತಿದ್ದರು. ಆ ಹಾಸಿಗೆ ಹೇಳಿದ ಮಾತು ಕೇಳುತ್ತಿತ್ತು.

ಈಗಿನ ಹಾಸಿಗೆಯ ಜಾತಿಯೇ ಬೇರೆ. ಇದು ಮಡಿಸಲು ಬಾರದು, ಸುತ್ತಲು ಬಾರದು. ತೆಂಗಿನ ನಾರಿಗೆ ರಬ್ಬರಿನ ಹಾಲನ್ನು ಎರೆದು ಹಲಗೆಯಂತೆ ಒತ್ತಿ, ಅದರ ಮೇಲೊಂದು ಪದರ ಸ್ಪಂಜನ್ನು ಹೊದಿಸಿ ಮಾಡಿರುತ್ತಾರೆ. ಬಲವಂತದಿಂದ ಮಡಿಸಿದರೆ ಒಳಗಿನ ನಾರು ಮುರಿದು ನಡುವಿನಲ್ಲಿ ಹಳ್ಳ ಬೀಳುತ್ತದೆ. ಸ್ಪ್ರಿಂಗಿನ ಹಾಸಿಗೆಯನ್ನು ಬಗ್ಗಿಸಿದರೆ ಒಳಗಿನ ತಂತಿಗಳು ಸೊಟ್ಟಗಾಗಿ ಮಲಗಿದವರ ಬೆನ್ನನ್ನು ವಿಚಾರಿಸಿಕೊಳ್ಳುತ್ತವೆ. ಗಾಳಿಯನ್ನು ಹೀರಿ ಸುರುಳಿ ಮಾಡಿ ಪೆಟ್ಟಿಗೆಯಲ್ಲಿಟ್ಟು ಮಾರುವ ಹಾಸಿಗೆಗಳೂ ಉಂಟು. ಅವು ಕೂಡ ಒಮ್ಮೆ ಬಿಚ್ಚಿಕೊಂಡ ಮೇಲೆ, ಆಡಿಬಿಟ್ಟ ಮಾತಿನಂತೆ, ಮನೆಯವರ ಕೈಯಿಂದ ಮತ್ತೆ ಒಳಕ್ಕೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿದ್ದುದು ನಾರಿನ ಹಾಸಿಗೆ: 78 ಅಂಗುಲ ಉದ್ದ, 72 ಅಂಗುಲ ಅಗಲ, 6 ಅಂಗುಲ ದಪ್ಪ, ತೂಕ 30 ಕಿಲೋಗ್ರಾಮಿಗೆ ಮೇಲೆ. ಮಗನ ಮದುವೆಯಲ್ಲಿ ಕೊಂಡದ್ದು. ಅವನು ಉದ್ಯೋಗಕ್ಕಾಗಿ ಪರದೇಶಕ್ಕೆ ಹೋದ ಮೇಲೆ ಮಹಡಿಯ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಸುಮ್ಮನೆ ಮಲಗಿತ್ತು. ಜನರು ಮಲಗದೆ ತಾನೇ ಮಲಗಿದ್ದ ಹಾಸಿಗೆ ಅದು.

ಹೀಗಿರಲು, ಹೋದ ವರ್ಷದ ಬೇಸಗೆಯಲ್ಲಿ ನನ್ನ ಅಕ್ಕ ಬಚ್ಚಲಿನಲ್ಲಿ ಜಾರಿಬಿದ್ದಳು. ಅವಳಿಗೆ ಎಪ್ಪತ್ತು ದಾಟಿದೆ. ಮದುವೆಯಾಗಿ ಮೇಲುಕೋಟೆಗೆ ಹೋದವಳು ಭಾವನವರು ತೀರಿಕೊಂಡ ಮೇಲೂ ಆ ಬೆಟ್ಟವನ್ನು ಬಿಟ್ಟು ಇಳಿದವಳಲ್ಲ. ತೊಡೆಯ ಮೂಳೆ ಮುರಿದು ಮೈಸೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಮ್ಮ ಮನೆಯಲ್ಲಿ ಒಂದು ತಿಂಗಳು ಇದ್ದಳು. ಆಮೇಲೆ, “ನನ್ನನ್ನು ನನ್ನ ಮನೆಗೆ ಬಿಡಿ, ನರಸಿಂಹಸ್ವಾಮಿಯ ಬೆಟ್ಟ ಕಣ್ಣಿಗೆ ಕಾಣದಿದ್ದರೆ ಮೂಳೆ ಕೂಡುವುದಿಲ್ಲ” ಎಂದು ಹಟ ಹಿಡಿದು ಹೊರಟೇಹೋದಳು. ಅಲ್ಲಿ ಅವಳದು ಭಾವನವರ ಕಾಲದ ತೇಗದ ಮಂಚ. ಮೇಲಿನ ಹತ್ತಿಯ ಹಾಸಿಗೆ ನಡುವೆ ಕುಸಿದು ತೊಟ್ಟಿಲಿನಂತೆ ಆಗಿತ್ತು. ವೈದ್ಯರು ಸಮನಾದ ಗಟ್ಟಿ ಹಾಸಿಗೆಯೇ ಆಗಬೇಕೆಂದೂ, ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿಡದೆ ಹೊರಳಿಸುತ್ತಿರಬೇಕೆಂದೂ, ಇಲ್ಲವಾದರೆ ಬೆನ್ನಿನಲ್ಲಿ ಹುಣ್ಣಾಗುವುದೆಂದೂ ಹೇಳಿದ್ದರು. ಆಗ ನನಗೆ ಮಹಡಿಯ ಹಾಸಿಗೆ ನೆನಪಾಯಿತು. ಅಕ್ಕನ ಮಂಚದ ಅಳತೆಗೆ ಅದು ಹೇಳಿ ಮಾಡಿಸಿದಂತಿತ್ತು.

ಇದರಲ್ಲಿ ಅಕ್ಕನ ಮೇಲಿನ ಪ್ರೀತಿ ಎಷ್ಟು, ಹೊಸ ಹಾಸಿಗೆಯ ಖರ್ಚು ಉಳಿಯಿತೆಂಬ ಸಂತೋಷ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಹಾಲು ನೀರನ್ನು ಬೇರೆ ಮಾಡುವ ಹಂಸ ನಾನಲ್ಲ.

ಅಕ್ಕನ ಮಗನು ಮೈಸೂರಿನಲ್ಲಿಯೇ ಇದ್ದಾನೆ. ಅವನಲ್ಲಿ ಒಂದು ಸಣ್ಣ ಮೋಟಾರು ಕಾರಿದೆ. ವಿಷಯವನ್ನು ಹೇಳಿದಾಗ ಅವನು, “ಮಾವ, ಇದು ಕಾರಿನಲ್ಲಿ ಹೋಗುವ ವಸ್ತುವಲ್ಲ. ಒಂದು ಗೂಡ್ಸ್ ಆಟೋ ಗೊತ್ತುಮಾಡೋಣ. ನಿಲ್ಲಿಸಿ ಕಟ್ಟಿದರೆ ಒಂದು ಗಂಟೆಯಲ್ಲಿ ಊರು ಸೇರುತ್ತದೆ” ಎಂದನು. ಆಟೋದವನನ್ನು ಕೇಳಿದ್ದಾಯಿತು. ಹೋಗಿಬರುವುದಕ್ಕೆ 1,800 ರೂಪಾಯಿ ಎಂದನು. ಐವತ್ತು ಕಿಲೋಮೀಟರು ದೂರಕ್ಕೆ ಸಾವಿರದ ಎಂಟುನೂರೆ! “ಮಲಗಿರುವ ಹಾಸಿಗೆಗೆ ಇಷ್ಟಾದರೆ ಎದ್ದು ಕೂತವರಿಗೆ ಎಷ್ಟಪ್ಪ?” ಎಂದು ನಾನು ಚಮತ್ಕಾರವಾಗಿ ಕೇಳಿದೆನು. ಅವನು ನಗಲಿಲ್ಲ. ನಾನು ಅಳಿಯನ ಕಡೆಗೆ ತಿರುಗಿ, “ನಿನ್ನ ಕಾರಿಗೆ ತಲೆಯಿದೆ, ನಮ್ಮ ಮನೆಯಲ್ಲಿ ಹಗ್ಗವಿದೆ, ಇನ್ನೇನು ಬೇಕು?” ಎಂದೆನು. ಅವನು ಇಂಜಿನಿಯರಿಂಗ್ ಓದಿದವನು. ಆದರೆ ಸೋದರಮಾವನಿಗೆ ಎದುರಾಡಿ ಅಭ್ಯಾಸವಿಲ್ಲದವನು. ಸುಮ್ಮನಾದನು. ಅವನ ವಿದ್ಯೆಗಿಂತ ಅವನ ವಿನಯವು ಹೆಚ್ಚಾದದ್ದು ಅಂದು ನಮ್ಮ ದುರದೃಷ್ಟವಾಯಿತು.

“ಆಷಾಢಮಾಸದಲ್ಲಿ ಹಾಸಿಗೆ ಸಾಗಿಸುವುದೆ?” ಎಂದು ನನ್ನ ಮನೆಯವಳು ಆಕ್ಷೇಪಿಸಿದಳು. ಕಾಯಿಲೆಯವರಿಗೆ ಮಾಸದ ನಿಯಮವಿಲ್ಲವೆಂದು ನಾನು ಶಾಸ್ತ್ರ ಹೇಳಿ ಅವಳ ಬಾಯಿ ಮುಚ್ಚಿಸಿದೆನು. ಆಷಾಢವೆಂದರೆ ಗಾಳಿಯ ತಿಂಗಳೆಂಬ ಸಾಮಾನ್ಯ ಜ್ಞಾನವನ್ನೇ ಅವಳು ಆ ರೀತಿಯಲ್ಲಿ ಹೇಳಿರಬಹುದೆಂದು ನನಗೆ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಹಾಸಿಗೆಯನ್ನು ಇಳಿಸಿದೆವು. ಅದನ್ನು ಮಹಡಿಯ ಮೆಟ್ಟಿಲಿನ ತಿರುವಿನಲ್ಲಿ ತಿರುಗಿಸಿದ ಕಥೆಯೇ ಒಂದು ಪರ್ವವಾಗುತ್ತದೆ, ಅದನ್ನು ಬಿಡುತ್ತೇನೆ. ಕಾರಿನ ತಲೆಯ ಅಗಲ ನಾಲ್ಕು ಅಡಿಯೂ ಇಲ್ಲ, ಹಾಸಿಗೆಯದು ಆರು ಅಡಿ. ಎರಡು ಪಕ್ಕಗಳಲ್ಲಿಯೂ ಒಂದೊಂದು ಅಡಿಗೆ ಮೇಲೆ ಜೋತುಬಿದ್ದಿತು. ನೋಡುವುದಕ್ಕೆ ಗೂಬೆಯು ಛತ್ರಿಯನ್ನು ಹಿಡಿದಂತಿತ್ತು. ಮೇಲೆ ಕಬ್ಬಿಣದ ಚೌಕಟ್ಟು ಯಾವುದೂ ಇರಲಿಲ್ಲ. ಒಂದು ಹಳೆಯ ಕಂಬಳಿಯನ್ನು ಹಾಸಿ, ಅದರ ಮೇಲೆ ಹಾಸಿಗೆಯನ್ನು ಇರಿಸಿ, ನೈಲಾನಿನ ಹಗ್ಗವನ್ನು ಮೇಲಿನಿಂದ ತಂದು, ಕಿಟಕಿಗಳ ಮೂಲಕ ಒಳಗೆ ಹಾಯಿಸಿ, ನಮ್ಮ ತಲೆಗಳ ಮೇಲೆ ಗಂಟು ಹಾಕಿದೆವು. ಎರಡು ಸುತ್ತು, ಎರಡೂ ನಡುವಿನಲ್ಲಿಯೇ. ಮುಂದಿನ ಅಂಚನ್ನಾಗಲಿ ಹಿಂದಿನ ಅಂಚನ್ನಾಗಲಿ ಕಟ್ಟಲಿಲ್ಲ. ಕಿಟಕಿಗಳಲ್ಲಿ ಹಗ್ಗ ಹಾಯ್ದದ್ದರಿಂದ ಬಾಗಿಲುಗಳು ತೆರೆಯಲು ತೊಡಕಾಯಿತು. ಅಳಿಯನು ಕಿಟಕಿಯಿಂದ ತೂರಿಕೊಂಡು ಒಳಗೆ ಕುಳಿತನು. ಅರವತ್ತು ದಾಟಿದ ನಾನು ಪಂಚೆಯುಟ್ಟುಕೊಂಡು ಕಿಟಕಿಯಿಂದ ಪ್ರವೇಶಿಸಿದ ದೃಶ್ಯವನ್ನು ಎದುರು ಮನೆಯವರು ನೋಡಿದರು. ಅಷ್ಟೇ ಸಾಲದೆಂದು, ಹೆಚ್ಚಿನ ಭದ್ರತೆಗಾಗಿ ನಾನು ಎಡಗೈಯನ್ನು ಹೊರಗೆ ಚಾಚಿ ಹಾಸಿಗೆಯ ಅಂಚನ್ನು ಹಿಡಿದುಕೊಂಡೆನು. ಗೋವರ್ಧನಗಿರಿಯನ್ನು ಎತ್ತಿ ಹಿಡಿದ ಕೃಷ್ಣನಂತೆ ನನಗೆ ಭಾಸವಾಗಿರಬೇಕು.

ಹೊರಟಾಗ ಹತ್ತೂವರೆ. ಶ್ರೀರಂಗಪಟ್ಟಣದವರೆಗೆ ಅಳಿಯನು ಗಂಟೆಗೆ 30 ಕಿಲೋಮೀಟರಿಗೆ ಮೇಲೆ ಹೋಗಲಿಲ್ಲ. ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದುಹೋದಾಗಲೆಲ್ಲ ನಮ್ಮ ತಲೆಯ ಮೇಲೆ ಯಾರೋ ಹೊರಳಿದಂತೆ ಶಬ್ದವಾಗುತ್ತಿತ್ತು. ಹೆದ್ದಾರಿಯನ್ನು ಬಿಟ್ಟು ಪಾಂಡವಪುರವನ್ನು ದಾಟುವ ಹೊತ್ತಿಗೆ ಹನ್ನೊಂದೂವರೆಯಾಯಿತು. ಕುಂತಿಬೆಟ್ಟ ಕಾಣಿಸಿತು, ರಸ್ತೆಯಲ್ಲಿ ಜನಸಂಚಾರ ಕಡಿಮೆಯಾಯಿತು. ಎರಡು ಕಡೆಯೂ ಕಬ್ಬು. ಆಗ ನಾನು ಗಡಿಯಾರವನ್ನು ನೋಡಿದೆನು. ಬುಧವಾರ ಹನ್ನೆರಡಕ್ಕೆ ರಾಹುಕಾಲ ಪ್ರವೇಶ. ಕಾಯಿಲೆಯವರ ಮನೆಗೆ ರಾಹುಕಾಲದಲ್ಲಿ ಹಾಸಿಗೆಯನ್ನು ತೆಗೆದುಕೊಂಡು ಹೋಗುವುದೆ? “ಸ್ವಲ್ಪ ಬೇಗ ಹೋಗಪ್ಪ; ಹೀಗೆ ಹೋದರೆ ಹನ್ನೆರಡು ಮೀರುತ್ತದೆ” ಎಂದೆನು. “ಮಾವ, ಗಾಳಿ ಜೋರಾಗಿದೆ” ಎಂದನು. “ನಾನು ಹಿಡಿದುಕೊಂಡಿದ್ದೇನಲ್ಲ!” ಎಂದೆನು. ಆಷಾಢವನ್ನು ಲೆಕ್ಕಿಸದವನು ರಾಹುಕಾಲಕ್ಕೆ ಹೆದರಿದೆನು. ಗಾಡಿಯ ವೇಗ ಅರವತ್ತಕ್ಕೆ ಏರಿತು.

ಆಮೇಲೆ ಆದದ್ದನ್ನು ಹೇಳಲು ಹೆಚ್ಚು ಮಾತು ಬೇಕಿಲ್ಲ. ಹಾಸಿಗೆಯ ಮುಂದಿನ ಅಂಚು ಒಮ್ಮೆ ಎದ್ದು ಬಿದ್ದಿತು. ಎರಡನೆಯ ಸಲ ಎದ್ದದ್ದು ಬೀಳಲಿಲ್ಲ. ನನ್ನ ಕೈಯಿಂದ ಅಂಚು ಕಿತ್ತುಕೊಂಡು ಹೋಯಿತು. ಹಿಡಿದಿದ್ದೆನೋ ಇಲ್ಲವೋ ಎಂಬಂತೆ ಹೋಯಿತು. ತಲೆಯ ಮೇಲಿನ ಗಂಟು ಬಿಗಿದು, ಜಾರಿ, ಬಿಚ್ಚಿಕೊಂಡಿತು. ಒಮ್ಮೆಲೆ ಗಾಡಿ ಹಗುರವಾಯಿತು. ಆ ಹಗುರವನ್ನು ನಾನು ಇನ್ನೂ ಮರೆತಿಲ್ಲ. ತಿರುಗಿ ನೋಡಿದಾಗ ಹಾಸಿಗೆಯು ಗಾಳಿಯಲ್ಲಿ ಎದ್ದು ನಿಂತಿತ್ತು. ಅದರ ಹಿಂದೆ ಒಂದು ಮೋಟಾರು ಸೈಕಲ್ಲು.

ಅದರ ಮೇಲೆ ಗಂಡ, ಹೆಂಡತಿ, ಇಬ್ಬರ ನಡುವೆ ಆರು ವರ್ಷದ ಹುಡುಗ. ಗಂಡಸು ಬಹಳ ಜಾಣ್ಮೆಯಿಂದ ಗಾಡಿಯನ್ನು ಎಡಕ್ಕೆ ಎಳೆದನು. ಹಾಸಿಗೆ ಅವರಿಗೆ ತಾಕಲಿಲ್ಲ. ಆದರೆ ಗಾಡಿಯು ರಸ್ತೆಯ ಪಕ್ಕದ ಕೆಸರಿನಲ್ಲಿ ಜಾರಿ, ಮೂವರೂ ಉರುಳಿದರು. ಅಳಿಯನು ಗಾಡಿಯನ್ನು ನಿಲ್ಲಿಸಿದನು. ಹಗ್ಗ ಹೋದದ್ದರಿಂದ ಬಾಗಿಲು ಈಗ ಸುಲಭವಾಗಿ ತೆರೆಯಿತು. ಓಡಿದೆವು. ಗಂಡಸಿನ ತಲೆಯ ಮೇಲೆ ಹೆಲ್ಮೆಟ್ ಇತ್ತು. ಮಗುವಿನ ತಲೆಯ ಮೇಲೆ ಏನೂ ಇರಲಿಲ್ಲ. ಮಗುವಿನ ತಲೆ ಬಿದ್ದ ಜಾಗಕ್ಕೂ ಕಿಲೋಮೀಟರಿನ ಕಲ್ಲಿಗೂ ನಡುವೆ ಎರಡು ಮೊಳ. ನಾನು ಅಳೆದು ನೋಡಲಿಲ್ಲ. ಆದರೆ ಆ ಎರಡು ಮೊಳವನ್ನು ಆ ದಿನದಿಂದ ಈ ದಿನದವರೆಗೆ ಮನಸ್ಸಿನಲ್ಲಿ ಅಳೆಯುತ್ತಲೇ ಇದ್ದೇನೆ.

ಹುಡುಗನ ಮೊಣಕಾಲು ಮತ್ತು ಅಂಗೈ ತರಚಿ ರಕ್ತ ಬರುತ್ತಿತ್ತು. ತಾಯಿಯ ಮೊಣಕೈ ಒಡೆದಿತ್ತು. ಆಕೆ ಮಗುವನ್ನು ಎದೆಗೆ ಅವಚಿಕೊಂಡು ನನ್ನ ಕಡೆಗೆ ನೋಡಿ, “ವಯಸ್ಸಾದೋರು, ತಿಳ್ದೋರು ಹಿಂಗ್ ಮಾಡ್ಬೋದಾ ಸ್ವಾಮಿ? ನನ್ ಮಗಾ ಹೋಗ್ಬುಟ್ಟಿದ್ರೆ ಯಾರ್ ತಂದ್ಕೊಡೋರು?” ಎಂದಳು. ಉತ್ತರವಿಲ್ಲದ ಪ್ರಶ್ನೆ. ನಾನು ಕೈಮುಗಿದೆನು.

ಮೂವರನ್ನೂ ನಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಪಾಂಡವಪುರದ ಆಸ್ಪತ್ರೆಗೆ ಹಿಂದಿರುಗಿದೆವು. ಗಾಯಗಳನ್ನು ತೊಳೆದು, ಪಟ್ಟಿ ಕಟ್ಟಿ, ಚುಚ್ಚುಮದ್ದು ಕೊಟ್ಟರು. ಮೂಳೆಗೆ ಯಾರಿಗೂ ಏನೂ ಆಗಿರಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದಾಗ ಅಳುವನ್ನು ನಿಲ್ಲಿಸಿದ ಹುಡುಗನು ತಂದೆಗೆ, “ಅಪ್ಪಾ, ಹಾಸ್ಗೆ ಹಾರ್ತು!” ಎಂದು ನಕ್ಕನು. ತಂದೆ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನನ್ನು ಕೇಳಿದನು: “ತಾವು ಏನ್ ಕೆಲ್ಸದಲ್ಲಿದ್ರಿ ಸ್ವಾಮಿ?” “ನಿವೃತ್ತನಾದೆ” ಎಂದೆನು. “ಅದಕ್ ಮುಂಚೆ?” ಹೇಳದೆ ವಿಧಿಯಿರಲಿಲ್ಲ. “ಮೇಷ್ಟರಾಗಿದ್ದೆ.” ಅವನು ಒಂದು ಸಲ ತಲೆಯಾಡಿಸಿ ಸುಮ್ಮನಾದನು. ಬೈದಿದ್ದರೆ ಹಗುರವಾಗುತ್ತಿತ್ತು. ನನ್ನ ಜೀವಮಾನದಲ್ಲಿ ನಾನು ಹುಡುಗರಿಗೆ ಕೊಟ್ಟ ಶಿಕ್ಷೆಗಳೆಲ್ಲವನ್ನೂ ಒಟ್ಟುಗೂಡಿಸಿದರೂ ಆ ಮೌನದಷ್ಟು ಭಾರವಾಗಲಾರದು.

ಮೋಟಾರು ಸೈಕಲ್ಲಿನ ರಿಪೇರಿಗೂ ಔಷಧಕ್ಕೂ ಎಂದು 2,000 ರೂಪಾಯಿಗಳನ್ನು ಅವನ ಕೈಯಲ್ಲಿಟ್ಟೆನು. ಮೊದಲು ಬೇಡವೆಂದನು, ಹೆಂಡತಿ ಹೇಳಿದ ಮೇಲೆ ತೆಗೆದುಕೊಂಡನು. ತೆಗೆದುಕೊಂಡದ್ದಕ್ಕೆ ನಾನು ಅವರಿಗೆ ಕೃತಜ್ಞ.

ಹಾಸಿಗೆಯ ನೆನಪು ನಮಗೆ ಆಮೇಲೆ ಬಂದಿತು. ಯಾರಾದರೂ ಎತ್ತಿಕೊಂಡು ಹೋಗಿದ್ದರೂ ದುಃಖವಾಗುತ್ತಿರಲಿಲ್ಲ. ಹಿಂದಿರುಗಿ ನೋಡಿದರೆ, ಕಬ್ಬಿನ ಗದ್ದೆಯಲ್ಲಿ ಕಳೆ ಕೀಳಲು ಬಂದಿದ್ದ ಇಬ್ಬರು ಹೆಂಗಸರು ಅದನ್ನು ರಸ್ತೆಯ ಪಕ್ಕಕ್ಕೆ ಎಳೆದು, ಹೊಂಗೆಯ ಮರದ ನೆರಳಿನಲ್ಲಿ ಅದರ ಮೇಲೆ ಕಾಲು ಚಾಚಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. “ಯಾರಾರ ಎತ್ಕಂಡೋದಾರು ಅಂತ ಕಾಯ್ಕಂಡು ಕುಂತಿವಿ ಕಣಪ್ಪ. ಮಗೀಗೆ ಹೆಂಗೈತೆ?” ಎಂದು ಕೇಳಿದರು. ಹಾಸಿಗೆಯಿದ್ದಷ್ಟು ಕಾಲನ್ನು ಚಾಚಿದವರನ್ನು ನಾನು ಪ್ರತ್ಯಕ್ಷವಾಗಿ ಕಂಡದ್ದು ಅಂದೇ. ಹಾಸಿಗೆಯ ಒಂದು ಮಗ್ಗುಲು ಕೆಸರಾಗಿ, ಮೂಲೆಯಲ್ಲಿ ಒಂದು ಗೇಣು ಬಟ್ಟೆ ಹರಿದಿತ್ತು, ಮಿಕ್ಕಂತೆ ಕ್ಷೇಮ.

ಸಂತೆಯಿಂದ ಖಾಲಿಯಾಗಿ ಹಿಂದಿರುಗುತ್ತಿದ್ದ ಒಂದು ಸಣ್ಣ ಗೂಡ್ಸ್ ಗಾಡಿಯನ್ನು ಅಳಿಯನು ನಿಲ್ಲಿಸಿದನು. ಆ ಚಾಲಕನು 900 ರೂಪಾಯಿ ಕೇಳಿದನು. ನಾನು ಚೌಕಾಸಿ ಮಾಡಲಿಲ್ಲ. ಅವನು ಮತ್ತು ಅಳಿಯ ಸೇರಿ ಹಾಸಿಗೆಯನ್ನು ಉದ್ದದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಪಕ್ಕದ ಹಲಗೆಗೆ ಒರಗಿಸಿ, ಮುಂದೊಂದು ಹಿಂದೊಂದು ಅಡ್ಡಲಾಗಿ ಹಗ್ಗ ಕಟ್ಟಿದರು. ಐದು ನಿಮಿಷದ ಕೆಲಸ. ಹಾಸಿಗೆಯು ಬೆಟ್ಟ ಹತ್ತುವವರೆಗೂ ಮಾತಾಡಲಿಲ್ಲ. ಹೊರಡುವಾಗ ಹನ್ನೆರಡು ಕಳೆದು ಬಹಳ ಹೊತ್ತಾಗಿತ್ತು. ರಾಹುಕಾಲದಲ್ಲಿಯೇ ಪ್ರಯಾಣ ಮಾಡಿದೆವು. ಲೆಕ್ಕ ಹಾಕಿದರೆ ಗೂಡ್ಸ್ ಗಾಡಿಗೆ 900, ಆ ದಂಪತಿಗಳಿಗೆ 2,000, ಪೆಟ್ರೋಲಿಗೆ 600, ಒಟ್ಟು 3,500 ರೂಪಾಯಿ. ಉಳಿಸಹೊರಟದ್ದು 1,800. ಆದರೆ ಕಿಲೋಮೀಟರಿನ ಕಲ್ಲನ್ನು ಈ ಲೆಕ್ಕದಲ್ಲಿ ಸೇರಿಸುವುದಕ್ಕೆ ಯಾವ ಅಂಕಗಣಿತವೂ ಇಲ್ಲ.

ಅಕ್ಕನಿಗೆ ಏನನ್ನೂ ಹೇಳಬಾರದೆಂದು ದಾರಿಯಲ್ಲಿ ಅಳಿಯನಿಗೆ ಹೇಳಿಟ್ಟಿದ್ದೆನು. ಹಾಸಿಗೆಯ ಕೆಸರಿನ ಮಗ್ಗುಲನ್ನು ಕೆಳಗೆ ಮಾಡಿ ಮಂಚದ ಮೇಲೆ ಹಾಸಿದೆವು. ಅಕ್ಕ ಮಲಗಿ, ಎರಡು ಕಡೆಗೂ ಹೊರಳಿ, “ಚೆನ್ನಾಗಿದೆ ಕಣೋ, ನೆಟ್ಟಗಿದೆ” ಎಂದಳು. ಅಮೇಲೆ ನನ್ನ ಮುಖವನ್ನು ನೋಡಿ, “ಏನಾಯಿತು?” ಎಂದಳು. ಚಿಕ್ಕಂದಿನಲ್ಲಿ ಮಾವಿನಕಾಯಿ ಕದ್ದುಬಂದಾಗಲೂ ಇದೇ ದನಿಯಲ್ಲಿ ಕೇಳುತ್ತಿದ್ದವಳು. ಹೇಳಿಬಿಟ್ಟೆನು. ಅವಳು ಹಾಸಿಗೆಯ ವಿಷಯವನ್ನಾಗಲಿ ಹಣದ ವಿಷಯವನ್ನಾಗಲಿ ಕೇಳಲಿಲ್ಲ. ಮಗುವಿಗೆ ಎಲ್ಲಿ ಪೆಟ್ಟಾಯಿತು, ಎಷ್ಟು ರಕ್ತ ಹೋಯಿತು, ಮನೆಗೆ ಹೇಗೆ ಹೋದರು, ಇಷ್ಟನ್ನೇ ಕೇಳಿದಳು. ಕೊನೆಗೆ ಹೇಳಿದಳು: “ಹಾಸಿಗೆ ಇಲ್ಲದಿದ್ದರೂ ನನಗೆ ನಿದ್ದೆ ಬರುತ್ತಿತ್ತು. ಆ ಮಗುವಿಗೆ ಏನಾದರೂ ಆಗಿದ್ದರೆ ನಿನಗೆ ಯಾವ ಹಾಸಿಗೆಯ ಮೇಲೆ ನಿದ್ದೆ ಬರುತ್ತಿತ್ತು, ಹೇಳು?”

ಮೈಸೂರಿಗೆ ಬಂದಮೇಲೆ, ನನ್ನೊಡನೆ ವಿಜ್ಞಾನವನ್ನು ಪಾಠ ಹೇಳುತ್ತಿದ್ದ ಮಿತ್ರರೊಬ್ಬರಿಗೆ ಈ ಕಥೆಯನ್ನು ಹೇಳಿದೆನು. ಅವರು ಒಂದು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಹಾಸಿಗೆಯ ವಿಸ್ತಾರ 39 ಚದರ ಅಡಿ, ಎಂದರೆ ಸುಮಾರು 3.6 ಚದರ ಮೀಟರು. ಗಾಳಿಯ ಒತ್ತಡವು ವೇಗದ ಜೊತೆಗೆ ಸಮನಾಗಿ ಬೆಳೆಯುವುದಿಲ್ಲ. ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಅಂಚು ಎದ್ದು ಹಾಸಿಗೆಯು ಗಾಳಿಗೆ ಎದೆಯೊಡ್ಡಿ ನಿಂತರೆ, ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು 15 ಕಿಲೋಗ್ರಾಮಿನ ಭಾರಕ್ಕೆ ಸಮ. 60ರಲ್ಲಿ ಸುಮಾರು 60 ಕಿಲೋಗ್ರಾಮಿಗೆ ಸಮ. ಎದುರು ಗಾಳಿ ಬೀಸುತ್ತಿದ್ದರೆ ಇನ್ನೂ ಹೆಚ್ಚು. “ನಿಮ್ಮ ಎಡಗೈ ಎಷ್ಟು ಕಿಲೋ ಎತ್ತುತ್ತದೆ?” ಎಂದು ಅವರು ಕೇಳಿದರು. ಈಚೆಗೆ ಅದು ಐದು ಕಿಲೋ ಅಕ್ಕಿಯ ಚೀಲಕ್ಕೇ ನೋಯುತ್ತದೆ. ಸೂತ್ರಗಳನ್ನು ಕಂಠಸ್ಥ ಮಾಡಿದ ನನಗೆ ಈ ಒಂದು ಸೂತ್ರ ಅರವತ್ತು ವರ್ಷವಾದರೂ ತಿಳಿದಿರಲಿಲ್ಲ.

ಕಾನೂನು ಕೂಡ ಈ ವಿಷಯದಲ್ಲಿ ನಿದ್ರಿಸುತ್ತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಹೇರಿದ ವಸ್ತುವು ಗಾಡಿಯ ಪಕ್ಕಗಳನ್ನು ಮೀರಿ ಚಾಚಿಕೊಂಡಿದ್ದರೆ 20,000 ರೂಪಾಯಿ ದಂಡ ಮತ್ತು ಇಳಿಸುವ ಖರ್ಚು. ಎರಡು ಕಡೆಯೂ ಒಂದೊಂದು ಅಡಿ ಚಾಚಿದ್ದ ನಮ್ಮನ್ನು ಯಾರೂ ತಡೆಯಲಿಲ್ಲ. ತಡೆದಿದ್ದರೆ ಗೊಣಗಿಕೊಳ್ಳುತ್ತಿದ್ದೆನು; ಈಗ ತಡೆಯಲಿಲ್ಲವಲ್ಲ ಎಂದು ಗೊಣಗಿಕೊಳ್ಳುತ್ತೇನೆ.

ವಾಚಕರ ಮನೆಗಳಲ್ಲಿಯೂ ಮದುವೆಯೋ ವರ್ಗಾವಣೆಯೋ ಕಾಯಿಲೆಯೋ ಬಂದು ಇಂಥ ಹಾಸಿಗೆಯನ್ನು ಸಾಗಿಸುವ ಸಂದರ್ಭ ಬಾರದೆ ಇರದು. ಆಗ ಹಿಂದೆ ತೆರೆದ ಅಂಗಳವುಳ್ಳ ಸಣ್ಣ ಸರಕಿನ ಗಾಡಿಯನ್ನೇ ಗೊತ್ತುಮಾಡಿರಿ. 2005ರಲ್ಲಿ ಬಂದ ಟಾಟಾ ಏಸ್‌ನಂಥ ಗಾಡಿಯ ಅಂಗಳ ಸುಮಾರು ಏಳು ಅಡಿ ಉದ್ದವಿದೆ; ಆರೂವರೆ ಅಡಿಯ ಹಾಸಿಗೆ ಅದರೊಳಗೆ ನಿಂತು ಸುಖವಾಗಿ ಹೋಗುತ್ತದೆ. ಮಲಗಿಸಿದರೆ ಅಗಲಕ್ಕೆ ಸಾಲದು, ಆದ್ದರಿಂದ ನಿಲ್ಲಿಸಿಯೇ ಕಟ್ಟಬೇಕು. ಹಗ್ಗ ಹಾಸಿಗೆಯನ್ನು ಕೊರೆಯದಂತೆ ಅಂಚಿನಲ್ಲಿ ಹಳೆಯ ಬಟ್ಟೆ ಇಡಿರಿ. ನೈಲಾನಿನ ಹಗ್ಗ ನುಣುಪು. ಅದರ ಗಂಟು ಜಾರುತ್ತದೆ. ಅಗಲವಾದ ಪಟ್ಟಿ ಉತ್ತಮ. ಮಳೆಗಾಲವಾದರೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಸುತ್ತಿರಿ. ಸಡಿಲವಾದ ಹೊದಿಕೆಯೇ ಗಾಳಿಗೆ ಹಾಯಿಯಾಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಲ್ಲಿಸಿ ಗಂಟನ್ನು ಮುಟ್ಟಿ ನೋಡಿರಿ. ಕಾರಿನ ತಲೆಯ ಮೇಲೆ ಮಾತ್ರ ಬೇಡ. ಕೈಯಿಂದ ಹಿಡಿದುಕೊಳ್ಳುತ್ತೇನೆ ಎನ್ನುವ ಹಿರಿಯರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ, ವಿನಯವನ್ನು ಸ್ವಲ್ಪ ಬದಿಗಿಟ್ಟು ಅವರಿಗೆ ಎದುರಾಡಿರಿ. ಅಳಿಯನಿಗೂ ಈಗ ಈ ಅಪ್ಪಣೆಯನ್ನು ಕೊಟ್ಟಿದ್ದೇನೆ. ಅವನು ಅದನ್ನು ಆಗಾಗ ಉಪಯೋಗಿಸುತ್ತಿದ್ದಾನೆ.

ಹತ್ತು ದಿನ ಕಳೆದ ಮೇಲೆ ನಾನು ಬಸ್ಸಿನಲ್ಲಿ ಆ ಹುಡುಗನ ಊರಿಗೆ ಹೋಗಿಬಂದೆನು. ಬಣ್ಣದ ಪೆನ್ಸಿಲುಗಳನ್ನೂ ಚಿತ್ರ ಬರೆಯುವ ಒಂದು ಪುಸ್ತಕವನ್ನೂ ತೆಗೆದುಕೊಂಡು ಹೋಗಿದ್ದೆನು. ತಾಯಿಯು ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ, “ಬನ್ನಿ” ಎಂದಳು. ಒಂದು ಲೋಟ ಮಜ್ಜಿಗೆ ಕೊಟ್ಟಳು. “ಗಾಯ ಒಣಗೈತೆ” ಎಂದಳು. ಹೆಚ್ಚು ಮಾತು ಆಡಲಿಲ್ಲ, ಆಡಬೇಕಾದ್ದೂ ಇರಲಿಲ್ಲ. ಹುಡುಗನು ಪುಸ್ತಕದ ಮೊದಲನೆಯ ಹಾಳೆಯಲ್ಲಿ ಅಲ್ಲಿಯೇ ಕುಳಿತು ಒಂದು ಚಿತ್ರ ಬರೆದನು. ಕೆಳಗೆ ಕಬ್ಬು, ಮೇಲೆ ಆಕಾಶ, ಆಕಾಶದಲ್ಲಿ ನಾಲ್ಕು ಮೂಲೆಯ ಒಂದು ಹಕ್ಕಿ.

ಅಕ್ಕ ಈಗ ಊರುಗೋಲಿನಿಂದ ಕಲ್ಯಾಣಿಯವರೆಗೆ ನಡೆಯುತ್ತಾಳೆ. ಹಾಸಿಗೆಗೆ ‘ನಿನ್ನ ಪುಷ್ಪಕವಿಮಾನ’ ಎಂದು ಹೆಸರಿಟ್ಟಿದ್ದಾಳೆ. ಅವಳಿರುವುದು ರಾಮಾನುಜಾಚಾರ್ಯರು ನೆಲೆಸಿದ್ದ ಊರು. ಅವರನ್ನು ಭಕ್ತರು ಆದಿಶೇಷನ ಅವತಾರವೆಂದು ನಂಬುತ್ತಾರೆ. ಭಗವಂತನ ಹಾಸಿಗೆಯು ತಾನೇ ನಡೆದುಬಂದು ಬೆಟ್ಟ ಹತ್ತಿದ ಊರಿಗೆ ನಾನು ನನ್ನ ಹಾಸಿಗೆಯನ್ನು ಹಾರಿಸಿಕೊಂಡು ಹೊರಟಿದ್ದೆನು. ಗಾದೆಯನ್ನು ಮತ್ತೊಮ್ಮೆ ವಿಸ್ತರಿಸಿ ಬರೆಯುವ ಪ್ರಸಂಗ ಬಂದರೆ ಮೊದಲನೆಯ ವಾಕ್ಯವನ್ನು ಹೀಗೆ ಬರೆಯುತ್ತೇನೆ: ಹಾಸಿಗೆಯಿದ್ದಷ್ಟು ಕಾಲು ಚಾಚು, ಗಾಡಿಯಿದ್ದಷ್ಟು ಹಾಸಿಗೆ ಹೇರು. ಹತ್ತಕ್ಕೆ ಎಷ್ಟು ಅಂಕ ಬರುವುದೋ ತಿಳಿಯದು. ಆ ಎರಡು ಮೊಳದ ಕೃಪೆಯಿಂದ ಅಂತೂ ತೇರ್ಗಡೆಯಾದೆನು.